ನನ್ನ ಪೋರ್ಟಿಗೆ ಬಿದ್ದ ಮಿತಿ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯ ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಆಫೀಸಿನಲ್ಲಿದ್ದೆ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ ಧ್ವನಿ ನಮ್ಮ ಕಂಪ್ಯೂಟರಿಗೆ ಇಳಿಯುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡುವುದು ನಮ್ಮ ಕೆಲಸ. ಹೊಸಬರಿಗೆ ಕಲಿಸುತ್ತಿದ್ದವಳೂ ನಾನೇ. ಇಡೀ ಆಫೀಸಿಗೆ ಇದ್ದದ್ದು ಒಂದೇ ಇಂಟರ್ನೆಟ್ ಲೈನು. ಯಾರ ಕಂಪ್ಯೂಟರಿಗೆ ಎಷ್ಟು ವೇಗ, ಯಾವ ಫೈಲಿಗೆ ಮೊದಲು ದಾರಿ ಎಂಬುದನ್ನೆಲ್ಲ ಮೂಲೆಯ ಕಪಾಟಿನಲ್ಲಿದ್ದ ಸ್ವಿಚ್ ಎಂಬ ಪೆಟ್ಟಿಗೆ ನಿರ್ಧರಿಸುತ್ತಿತ್ತು; ಪ್ರತಿ ಮೇಜಿನಿಂದ ಹೋದ ಕೇಬಲ್ ಅದರ ಒಂದೊಂದು ಪೋರ್ಟಿಗೆ, ಅಂದರೆ ಕಿಂಡಿಗೆ, ಸೇರುತ್ತಿತ್ತು. ಅದಕ್ಕೆ ನಿಯಮ ಬರೆಯುತ್ತಿದ್ದವನು ಧಾರವಾಡದಿಂದ ಬರುತ್ತಿದ್ದ ಎಂಜಿನಿಯರ್.

ಸಂಜೆ ಪಾಳಿ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಮನೆಗೆ ಬಿಡಲು ಗಾಡಿ ಬೇಕೆಂದು ಒಂದು ಮೀಟಿಂಗಿನಲ್ಲಿ ಎಲ್ಲರ ಪರವಾಗಿ ಕೇಳಿದೆ. ಮಾಲೀಕರು ನಕ್ಕರು. "ಕೇಳಿದ್ದು ಛಲೋ ಆತು ಬಿಡ್ರಿ," ಎಂದರು.

ಮರುವಾರದಿಂದ ನನ್ನ ಫೈಲುಗಳು ಇಳಿಯುವುದೇ ಕಷ್ಟವಾಯಿತು. ಅಕ್ಕಪಕ್ಕದವರ ಬೆರಳು ಓಡುತ್ತಿದ್ದರೆ ನಾನು ಸದ್ದಿಲ್ಲದ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದೆ. ನನ್ನ ಮೇಜಿಗೆ ಬೇರೆ ಕಂಪ್ಯೂಟರ್ ತಂದಿಟ್ಟರೂ ಅಷ್ಟೇ. ಮಾಲೀಕರು ನನ್ನ ಕುರ್ಚಿಯ ಹಿಂದೆ ನಿಂತು, ಎಲ್ಲರಿಗೂ ಕೇಳುವಂತೆ, "ವಯಸ್ಸಾತೇನ್ರಿ ಮೇಡಂ? ಕೈ ಓಡವಲ್ವು?" ಎನ್ನುತ್ತಿದ್ದರು. ನಾನೇ ಕಲಿಸಿದ ಹುಡುಗಿಯರು ತಲೆತಗ್ಗಿಸಿ ನಗುತ್ತಿದ್ದರು.

ಚಹಾದ ಹೊತ್ತಿನಲ್ಲಿ ಎಂಜಿನಿಯರನ್ನು ಹಿಡಿದು ಕೇಳಿದೆ. ಆತ ಸುಳ್ಳು ಹೇಳಲಿಲ್ಲ.

"ನಿಮ್ಮ ಕೇಬಲ್ ಬರೋ ಪೋರ್ಟಿಗೆ ಮಿತಿ ಹಾಕೀನ್ರಿ ಅಕ್ಕಾರ. ಎಲ್ಲಾರ ಫೈಲ್ ಹೋದ ಮ್ಯಾಲ ನಿಮ್ಮದು. ಸಾಹೇಬ್ರು ಮುಂದ ನಿಂತು ಹಾಕಿಸ್ಯಾರ."

"ತೆಗೀತೀಯೇನಪಾ?"

"ತೆಗದ್ರ ನಾಳೆ ನಾನೂ ಮನ್ಯಾಗರಿ."

ಮೊದಲಿನಿಂದ ನನ್ನ ಜೊತೆ ದುಡಿದಿದ್ದ ಗೆಳತಿಯೊಬ್ಬಳು ತನ್ನ ಜಾಗ ಕೊಟ್ಟಳು. "ನಾ ಊಟಕ್ಕ ಹೋದಾಗ ಇಲ್ಲೇ ಕೂತು ಮಾಡ್ಕೋರಿ." ಅಲ್ಲಿ ಫೈಲುಗಳು ಸರ್ರನೆ ಇಳಿದವು. ಕೆಲವು ದಿನ ಹಾಗೆ ನಡೆಯಿತು. ಆಮೇಲೆ ಅವಳ ಪೋರ್ಟಿಗೂ ಮಿತಿ ಬಿತ್ತು. ಮಾಲೀಕರು ಈಗ ಅವಳ ಹಿಂದೆ ಬಂದು ನಿಂತರು. ನನ್ನ ಕಡೆ ಕೈ ತೋರಿಸಿ, "ಯಾರ ಜೋಡಿ ಕೂಡಬೇಕು ಅನ್ನೋದು ತಿಳಕೋರಿ," ಎಂದರು. ಅಂದಿನಿಂದ ಊಟದ ಡಬ್ಬಿ ಬಿಚ್ಚುವಾಗ ಯಾರೂ ನನ್ನ ಹತ್ತಿರ ಕೂರಲಿಲ್ಲ.

ಒಂದು ಮಧ್ಯಾಹ್ನ ಗೆಳತಿ ಮೆಟ್ಟಿಲ ಬಳಿ ನನ್ನನ್ನು ತಡೆದಳು. ಅವಳ ಗಂಡ ಹಾಸಿಗೆ ಹಿಡಿದಿದ್ದ.

"ಅಕ್ಕಾ, ಮನ್ಯಾಗ ದುಡಿಯಾಕಿ ನಾನೊಬ್ಬಾಕಿ. ನೀವು ಇರೂತನಕ ಅವರು ನನ್ನ ಬಿಡೂದಿಲ್ಲ. ಹೋಗಿಬಿಡ್ರಿ."

ಅವಳ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅಂದೇ ರಾಜೀನಾಮೆ ಕೊಟ್ಟೆ.

ಮಾಲೀಕರು ಪೇಡೆ ತರಿಸಿ ಹಂಚಿದರು. ನನ್ನ ಕೈಗೂ ಒಂದು ಇಟ್ಟು, "ಇನ್ನ ಎಲ್ಲಾರ ಕೆಲಸಾನೂ ಲಗೂ ಆಗ್ತೈತಿ," ಎಂದರು. ಹುಡುಗಿಯರು ನಕ್ಕರು. ಗೆಳತಿ ನನ್ನ ಮುಖ ನೋಡಿದಳು, ಆಮೇಲೆ ಮಾಲೀಕರ ಮುಖ ನೋಡಿದಳು, ಅವಳೂ ನಕ್ಕಳು.