ಫುಟ್‌ಬೋರ್ಡಿನಲ್ಲಿ ನಿಂತವರು

ನರಸಿಂಹರಾಜಪುರದಲ್ಲಿ ನಾನು ಚಿಕ್ಕವಳಿದ್ದಾಗ ಫುಟ್‌ಬೋರ್ಡ್ ಎಂದರೆ ಅಪ್ಪನ ಸ್ಕೂಟರಿನಲ್ಲಿ ನನ್ನ ಜಾಗ. ಅಪ್ಪನ ಎರಡು ಕೈಗಳ ನಡುವೆ ಅಲ್ಲಿ ನಿಂತರೆ ಗಾಳಿ ನೇರ ಬಾಯೊಳಗೇ ಹೋಗುತ್ತಿತ್ತು. ನಾನು ಎತ್ತರವಾದ ಮೇಲೆ ಆ ಜಾಗ ಗ್ಯಾಸ್ ಸಿಲಿಂಡರಿಗೂ ಅಕ್ಕಿ ಮೂಟೆಗೂ ಹೋಯಿತು. ಮಂಚದ ಕಾಲ ಕಡೆಯ ಹಲಗೆಗೂ ಅದೇ ಹೆಸರೆಂದು ಕಾಲೇಜಿನಲ್ಲಿ ನಿಘಂಟು ನೋಡಿದಾಗ ಗೊತ್ತಾಯಿತು. ನಮ್ಮ ಕಡೆ ಬಸ್ಸು ಹತ್ತುವವರಿಗೆ ನಿಘಂಟು ಬೇಡ. ಫುಟ್‌ಬೋರ್ಡ್ ಎಂದರೆ ಬಾಗಿಲ ಮೆಟ್ಟಿಲು. ಅಲ್ಲಿ ನೇತಾಡುತ್ತ ಬಾಳಗಡಿಗೆ ಹೋಗುವ ಕಾಲೇಜು ಹುಡುಗರನ್ನೂ ಕರೆಯುವುದು ಅದೇ ಹೆಸರಿನಿಂದ. ‘ಇವತ್ತು ಬರೀ ಫುಟ್‌ಬೋರ್ಡೇ’ ಎಂದರೆ ಒಳಗೆ ಕಾಲಿಡಲು ಜಾಗವಿಲ್ಲ ಎಂದರ್ಥ.

ಈಗ ಆ ಮಾತು ಕೇಳಿದರೆ ನನಗೆ ಕಾಣುವುದು ಕಂಬಿ ಬಿಟ್ಟ ಒಂದು ಕೈ.

ಕಮ್ಮರಡಿ ಕಡೆಯಿಂದ ಕೊಪ್ಪಕ್ಕೆ ನಾನು ದಿನವೂ ಕೆಲಸಕ್ಕೆ ಬರುವುದು ಒಂದು ಖಾಸಗಿ ಬಸ್ಸಿನಲ್ಲಿ. ಬಾಗಿಲ ಹಿಂದಿನ ಎರಡನೇ ಸೀಟು, ಕಿಟಕಿ ಪಕ್ಕ. ಪಕ್ಕದ ಜಾಗದಲ್ಲಿ ನನ್ನ ಬ್ಯಾಗು. ಮುಂದೆ ಹತ್ತುವ ನನ್ನ ಸಹೋದ್ಯೋಗಿಗಾಗಿ. ಸೀಟಿನ ಮೇಲೆ ಟವೆಲ್ಲೋ ಚೀಲವೋ ಇದ್ದರೆ ನಮ್ಮಲ್ಲಿ ಅದು ಮನುಷ್ಯ ಕೂತ ಹಾಗೆಯೇ. ‘ಬರ್ತಾರೆ’ ಎಂದರೆ ಕಂಡಕ್ಟರೂ ಮರುಮಾತಾಡುವುದಿಲ್ಲ.

ಆ ಸೋಮವಾರ ಅವಳು ರಜೆ ಹಾಕಿದ್ದಳು. ಅದು ನನಗೆ ಗೊತ್ತಿತ್ತು. ಆದರೂ ಬ್ಯಾಗು ಅಲ್ಲೇ ಇತ್ತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಟಿಫಿನ್ ಕ್ಯಾರಿಯರ್ ಹಿಡಿದು ಹತ್ತಿ ಕೇಳಿದರು, “ಇಲ್ಲಿ ಯಾರಾದ್ರೂ ಬತ್ರಾ?”

“ಹೌದು, ಮುಂದಿನ ಸ್ಟಾಪಲ್ಲಿ.”

“ಅಡ್ಡಿಲ್ಲ ಬಿಡಿ” ಎಂದು ಅವರು ಬಾಗಿಲ ಕಡೆಗೇ ಸರಿದರು. ನಡುವೆ ಜನ ಒತ್ತಿ ನಿಂತಿದ್ದರು.

“ಅಕ್ಕಾ, ಮೇಲೆ ಬನ್ನಿ ಮಾರಾಯ್ರೆ. ಫುಟ್‌ಬೋರ್ಡು ನಿಮ್ಮನೆ ಜಗಲಿ ಅಲ್ಲ” ಎಂದ ಕಂಡಕ್ಟರ್.

“ಎಲ್ಲಿಗೆ ಬರ್ಲಿ, ನಿನ್ನ ತಲೆ ಮೇಲಾ?”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅವನು ಜನರನ್ನು ಹಿಂದಕ್ಕೆ ತಳ್ಳುತ್ತ ಅವರತ್ತ ಕೈ ಚಾಚಿದ್ದ. ಅಷ್ಟರಲ್ಲಿ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಅವರ ಕೈ ಕಂಬಿಯಿಂದ ಜಾರಿತು. ಕಂಡಕ್ಟರನ ಬೆರಳಿಗೆ ಅವರ ಸೆರಗಿನ ತುದಿ ಸಿಕ್ಕಿತು, ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಉಳಿಯಿತು.

ರಸ್ತೆಬದಿಯಲ್ಲಿ ಯಾರೋ ಸುರಿದಿದ್ದ ಅಡಿಕೆ ಸಿಪ್ಪೆಯ ರಾಶಿ ಅವರನ್ನು ಉಳಿಸಿತು. ಮುಂಗೈ ಮುರಿದಿತ್ತು, ಹಣೆಯಿಂದ ರಕ್ತ. ಅವರು ಮೊದಲು ಮಾಡಿದ್ದು, ಸರಿಯಿದ್ದ ಇನ್ನೊಂದು ಕೈಯಿಂದ ಸೀರೆ ಕೆಳಗೆಳೆದುಕೊಂಡದ್ದು. “ಎಂತದೂ ಆಗ್ಲಿಲ್ಲ, ಎಂತದೂ ಆಗ್ಲಿಲ್ಲ” ಎನ್ನುತ್ತಿದ್ದರು, ಬಿದ್ದದ್ದು ತಮ್ಮದೇ ತಪ್ಪೆಂಬಂತೆ.

ಜನ ಕಂಡಕ್ಟರನ್ನು ಹಿಡಿದರು. “ಕುರಿ ತುಂಬಿದಂಗೆ ತುಂಬ್ತೀರಿ. ಬಾಗಿಲು ಹಾಕೋಕೆ ನಿನಗೆ ಎಂತ ರೋಗ?” ಯಾರೋ ವಿಡಿಯೋ ಮಾಡುತ್ತಿದ್ದರು. ನಾನು ಬ್ಯಾಗನ್ನು ತೊಡೆಯ ಮೇಲೆ ತೆಗೆದಿಟ್ಟುಕೊಂಡೆ. ಯಾರೂ ನೋಡಲಿಲ್ಲ.

ಮರುದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಹಳಬನನ್ನು ಮಾಲೀಕರು ಮನೆಗೆ ಕಳಿಸಿದ್ದಾರೆ ಎಂದು ಹೇಳಿದ.

ಎರಡು ದಿನ ಬಿಟ್ಟು ಕೊಪ್ಪದ ಆಸ್ಪತ್ರೆಗೆ ಹೋದೆ. ಆ ಹೆಂಗಸು ಮಲಗಿದ್ದ ಮಂಚದ ಫುಟ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತು ಹೇಳಿದೆ, “ಆವತ್ತು ನನ್ನ ಪಕ್ಕಕ್ಕೆ ಯಾರೂ ಬರೋರಿರ್ಲಿಲ್ಲ.”

“ಇರ್ಲಿಕ್ಕಿಲ್ಲ ಅಂತ ಅನ್ನಿಸಿತ್ತು. ನಾನೂ ಎಷ್ಟೋ ಸಲ ಹಂಗೇ ಹೇಳಿದೀನಿ.” ಆಮೇಲೆ ಅಂದರು, “ನನ್ನ ಹತ್ರ ಹೇಳಿದ್ರೆ ಎಂತ ಬಂತು? ಆ ಹುಡುಗ ಕೆಲಸ ಇಲ್ದೆ ಕೂತಿದಾನಂತೆ. ಹೇಳೋ ಕಡೆ ಹೋಗಿ ಹೇಳಿ.”

ಮಾಲೀಕರ ಆಫೀಸು ಬಸ್‌ಸ್ಟ್ಯಾಂಡಿನ ಹತ್ತಿರವೇ. ಮೂರು ನಾಲ್ಕು ಜನ ಕೂತಿದ್ದರು. ನಾನು ಅಲ್ಲೂ ಅರ್ಧವನ್ನೇ ಹೇಳಿದೆ: “ಕಂಡಕ್ಟರದ್ದು ತಪ್ಪಿಲ್ಲ ಸರ್. ಒಳಗೆ ಒಂದು ಸೀಟು ಖಾಲಿ ಇತ್ತು.”

ಮಾಲೀಕರು ಪಕ್ಕದವರ ಕಡೆ ತಿರುಗಿದರು. “ಕೇಳಿದ್ರಾ? ಸೀಟು ಖಾಲಿ ಇಟ್ಕೊಂಡು ಹೆಂಗಸನ್ನ ಬಾಗ್ಲಲ್ಲಿ ನಿಲ್ಲಿಸಿದಾನೆ. ಇದು ನನಗೆ ಗೊತ್ತೇ ಇರ್ಲಿಲ್ಲ.”

ಅವನನ್ನು ಉಳಿಸಲು ಹೋಗಿ ಇನ್ನಷ್ಟು ಕೆಳಕ್ಕೆ ತಳ್ಳಿದ್ದೆ. “ಅವರಲ್ಲ ಸರ್. ನಾನು. ಯಾರೋ ಬರ್ತಾರೆ ಅಂತ ಸುಳ್ಳು ಹೇಳಿ ಬ್ಯಾಗ್ ಇಟ್ಕೊಂಡಿದ್ದೆ. ಅವರು ಒಳಗೆ ಕರೀತಾನೇ ಇದ್ರು. ಕೈ ಹಿಡಿಯೋಕೂ ನೋಡಿದ್ರು.”

“ಒಂದು ಬ್ಯಾಗಿಗಾ?” ಎಂದರು ಮಾಲೀಕರು. ಬೈಗುಳವಾಗಿದ್ದರೆ ಸಹಿಸಬಹುದಿತ್ತು, ಅವರು ನಿಜವಾಗಿಯೂ ಕೇಳಿದ್ದರು. ಬೆಂಚಿನಲ್ಲಿದ್ದ ಒಬ್ಬರು ನೆಲ ನೋಡಿದರು. “ಆಯ್ತು, ನೋಡೋಣ, ಹೋಗಿ” ಎಂದರು ಮಾಲೀಕರು.

ಈಗ ಅವನಿಗೆ ಶೃಂಗೇರಿ ಲೈನು ಕೊಟ್ಟಿದ್ದಾರೆ. ಮೊನ್ನೆ ಸ್ಟ್ಯಾಂಡಿನಲ್ಲಿ ಎದುರಾದ. ಯಾರು ಏನು ಹೇಳಿದ್ದಾರೆಂದು ಅವನಿಗೆ ಗೊತ್ತಿದೆ, ಮುಖ ನೋಡಿದರೆ ತಿಳಿಯುತ್ತಿತ್ತು. ಏನಾದರೂ ಅನ್ನಲಿ ಎಂದು ನಿಂತೆ. ಅವನು ನನ್ನನ್ನು ದಾಟಿ, ಹಿಂದಿದ್ದ ಅಜ್ಜಿಯ ಚೀಲ ಇಸಿದುಕೊಂಡು, “ಶೃಂಗೇರಿ, ಶೃಂಗೇರಿ” ಎಂದು ಕೂಗುತ್ತ ಬಸ್ಸಿನ ಕಡೆ ನಡೆದ.