ಕ್ಯಾಟಲಾಗಿನಿಂದ ಬಿದ್ದುಹೋದ ಹನ್ನೆರಡು ತಿಂಗಳು

ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಶುರುವಾಗಿ ಎರಡನೇ ವರ್ಷ. ದೊಡ್ಡ ಸಂಸ್ಥೆಯೊಂದರ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಸ್ಟೋರೇಜ್ ನಿರ್ವಾಹಕನಾಗಿ ಕೊಳ್ಳೇಗಾಲದ ನಮ್ಮ ಮನೆಯ ಮಹಡಿಯಲ್ಲಿ ಕೂರುತ್ತಿದ್ದೆ. ಕೆಳಗೆ ಮಗ್ಗದ ಸದ್ದು, ಮೇಲೆ ನನ್ನ ಗೊಣಗಾಟ.

ಒಂದು ಶುಕ್ರವಾರ ಹನ್ನೊಂದಕ್ಕೆ ಮಹದೇವಮ್ಮ ಬಂದರು. ಯಳಂದೂರಿನ ನಮ್ಮ ಶಾಖೆಯಲ್ಲಿ ದಿನಗೂಲಿ ಅಟೆಂಡರ್. ಕೈಯಲ್ಲಿ ನಾನೇ ಸಹಿ ಹಾಕಿದ ಪತ್ರ: ‘ಮೊದಲ ವರ್ಷದ ಹಾಜರಿ ದಾಖಲೆ ಇಲ್ಲ.’ ಕೆಲಸ ಕಾಯಂ ಆಗಲು ಸತತ ಹತ್ತು ವರ್ಷದ ಹಾಜರಿ ಬೇಕು. ನನ್ನ ಪತ್ರದಿಂದ ಅವರಿಗೆ ಒಂಬತ್ತೇ ಉಳಿದಿತ್ತು. ಸೋಮವಾರ ಪಟ್ಟಿ ಅಂತಿಮವಾಗುವುದಿತ್ತು.

“ಕ್ಯಾಟಲಾಗ್‌ನಲ್ಲೇ ಇಲ್ಲಮ್ಮ. ಇಲ್ಲದ್ದನ್ನ ಎಲ್ಲಿಂದ ತರಲಿ?” ಎಂದೆ. ಕ್ಯಾಟಲಾಗ್ ಎಂದರೆ ಯಾವ ಫೈಲು ಎಲ್ಲಿದೆ ಎಂಬ ಹೆಸರುಪಟ್ಟಿ. ನನಗೆ ನನ್ನದೇ ಗಡಿಬಿಡಿ. ಹಳೆಯ ಡಿಸ್ಕುಗಳಲ್ಲಿದ್ದುದನ್ನು ಹೊಸ ಸ್ಟೋರೇಜಿಗೆ ಸಾಗಿಸಿಯಾಗಿತ್ತು. ಎರಡು ಗಂಟೆಗೆ ಹಳೆಯದನ್ನೆಲ್ಲ ಅಳಿಸಬೇಕಿತ್ತು.

ಅವರು ಕದಲಲಿಲ್ಲ. “ನಮ್ಮಾಪೀಸ್ನಲ್ಲೂ ಹಳೇ ಫೈಲ್ ಎಸ್ರ ಪುಸ್ತಕದಾಗೆ ಒಡ್ದಾಕ್ತಾರೆ ಸಾ. ಗಂಟು ಎಲ್ಲೂ ಓಗಕಿಲ್ಲ, ಬೀರು ಮ್ಯಾಲೇ ಬಿದ್ದಿರ್ತದೆ. ದೂಳು ಒಡೆಯೋಳು ನಾನೇ ಅಲ್ವಾ?”

ಬೀರು ಎಂದೊಡನೆ ನಮ್ಮ ಡಿಸ್ಕುಗಳ ನೆನಪಾಯಿತು. ತಿಂಗಳ ಹಾಜರಿ ಫೈಲುಗಳನ್ನು ಜಿಡಿಜಿ ಎಂಬ ಗುಂಪಿನಲ್ಲಿ ಇಡುತ್ತೇವೆ: ಒಂದೇ ಹೆಸರು, ತಿಂಗಳಿಗೊಂದು ತಲೆಮಾರು. ನಮ್ಮ ಮಿತಿ 108 ತಲೆಮಾರು, ಅಂದರೆ ಒಂಬತ್ತು ವರ್ಷ. ಹೊಸದು ಬಂದಂತೆ ಅತಿ ಹಳೆಯದು ಕ್ಯಾಟಲಾಗಿನಿಂದ ಬೀಳುತ್ತದೆ. ಆದರೆ ‘ನೋಸ್ಕ್ರ್ಯಾಚ್’ ಎಂದು ಬರೆದಿದ್ದರೆ ಹೆಸರು ಮಾತ್ರ ಹೋಗಿ, ಫೈಲು ಡಿಸ್ಕಿನಲ್ಲೇ ಉಳಿಯುತ್ತದೆ. ಹಾಗೆ ಬರೆದವನು ನಾನೇ. ಹೊಸ ಸ್ಟೋರೇಜಿಗೆ ಏನೇನು ಸಾಗಿಸಬೇಕೆಂದು ಬರೀ ಕ್ಯಾಟಲಾಗ್ ನೋಡಿ ಪಟ್ಟಿ ಮಾಡಿದ ಜಾಣನೂ ನಾನೇ. ಹೆಸರು ಬಿದ್ದ ಫೈಲುಗಳು ಹಳೆಯ ಡಿಸ್ಕಿನಲ್ಲೇ ಉಳಿದಿದ್ದವು, ಎರಡಕ್ಕೆ ಅವೂ ಅಳಿಯಲಿದ್ದವು.

ಡಿಸ್ಕು ಅಳಿಸಲು ಮೈಸೂರಿನ ಡೇಟಾ ಸೆಂಟರಿನಲ್ಲಿದ್ದ ಸಹೋದ್ಯೋಗಿ ಶ್ರೀಧರನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಿಟಕಿಯ ಬಳಿ ಹೋದೆ, ಮೆಟ್ಟಿಲಿಳಿದೆ, ಹತ್ತಿದೆ. ಐದನೇ ಸಲ ಸಿಕ್ಕ.

“ಬೇಗ ಮುಗ್ಸಿ ಹನೂರು ಬಸ್ ಹಿಡಿಯಣ ಅಂತ ಈಗ್ಲೇ ಶುರು ಮಾಡ್ಬುಟ್ಟೆ ಸಾ.”

“ನಿಲ್ಲಿಸು.”

“ನೀವೇ ಅಪ್ರೂವ್ ಮಾಡಿದ್ರಲ್ಲ?”

“ನಾನೇ ಹೇಳ್ತಿದ್ದೀನಿ, ನಿಲ್ಲಿಸು.”

ನಲವತ್ತರಲ್ಲಿ ಆರು ಡಿಸ್ಕು ಆಗಲೇ ಅಳಿದಿದ್ದವು. ಪ್ರತಿ ಡಿಸ್ಕಿಗೂ ತನ್ನದೇ ಒಳಪಟ್ಟಿ ಇರುತ್ತದೆ. ಉಳಿದವನ್ನು ಒಂದೊಂದಾಗಿ ತೆರೆದೆ. ಮಹದೇವಮ್ಮ ನಮ್ಮ ಮನೆಯವರು ಕೊಟ್ಟ ಕಾಫಿ ಕುಡಿಯದೆ ಬಾಗಿಲಲ್ಲೇ ನಿಂತಿದ್ದರು. ಮೂವತ್ತೊಂದನೆಯದರಲ್ಲಿ ಹನ್ನೆರಡೂ ತಿಂಗಳು ಸಿಕ್ಕವು. ಮತ್ತೆ ಕ್ಯಾಟಲಾಗಿಗೆ ಸೇರಿಸಿ, ಅವರ ಹೆಸರಿನ ಹಾಜರಿಯನ್ನು ಪ್ರಿಂಟ್ ತೆಗೆದುಕೊಟ್ಟೆ.

ಅವರು ಹಾಳೆಗಳನ್ನು ಮಡಿಸಿಟ್ಟುಕೊಂಡು ಕೇಳಿದರು: “ಅಂಗಾರೆ ಇಲ್ಲ ಅಂತ ಯಾಕ್ ಬರೆದ್ರಿ ಸಾ?”

ನನ್ನ ಪತ್ರವನ್ನು ಅವರ ಕೈಯಿಂದ ವಾಪಸ್ ಇಸಿದುಕೊಂಡೆ. ನಾಚಿಕೆಯಾಯಿತು.

ಅವರ ಕೆಲಸ ಕಾಯಂ ಆಯಿತು. ನಾನೀಗ ‘ದಾಖಲೆ ಇಲ್ಲ’ ಎಂದು ಬರೆಯುವುದಿಲ್ಲ. ಎಲ್ಲೆಲ್ಲಿ ಹುಡುಕಿದೆ, ಎಲ್ಲಿ ಹುಡುಕಲಿಲ್ಲ ಎಂದು ಬರೆಯುತ್ತೇನೆ. ಕೆಲಸ ಕಲಿಸಿದ್ದು ಇಷ್ಟು. ಆದರೂ ಸಮಾಧಾನವಿಲ್ಲ. ಅಳಿದುಹೋದ ಆ ಆರು ಡಿಸ್ಕುಗಳಲ್ಲಿ ಯಾರ ಯಾವ ವರ್ಷ ಇತ್ತೋ ನನಗೆ ಗೊತ್ತಿಲ್ಲ. ಅಂಥವರಿಗೂ ನನ್ನ ‘ಇಲ್ಲ’ ಎಂಬ ಪತ್ರ ಹೋಗಿರಬೇಕು. ಮಹದೇವಮ್ಮನವರ ಹಾಗೆ ಬಂದು ಕೇಳದೆ, ಅದನ್ನು ನಂಬಿ ಮನೆಯಲ್ಲೇ ಉಳಿದಿರಬೇಕು.