ಮಸೂದೆಯ ವಿರುದ್ಧ ಮೂವರು

೧೯೯೮ರಲ್ಲಿ ಭಾರತ ಅಣುಬಾಂಬಿನ ಪರೀಕ್ಷೆ ನಡೆಸಿದ ಮರುದಿನ, ಲಂಡನ್ನಿನ ಇಲ್ಫರ್ಡಿನ ನನ್ನ ಸರ್ಜರಿಗೆ (ಇಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ) ಮೊದಲು ಬಂದವರು ಮಂಡಿನೋವಿನ ಒಬ್ಬ ಇಂಗ್ಲಿಷ್ ಅಜ್ಜಿ. ಕುರ್ಚಿಯಲ್ಲಿ ಕೂರುತ್ತಲೇ, ನಿಮ್ಮವರು ಬಾಂಬು ಮಾಡಿಕೊಂಡರಂತಲ್ಲ ಎಂದರು. ಹೌದಂತೆ ಎಂದೆ. ಆಮೇಲೆ ಮಂಡಿಯ ವಿಷಯಕ್ಕೆ ಬಂದೆವು. ನನಗೆ ಹೆಮ್ಮೆಯೂ ಆಗಿರಲಿಲ್ಲ, ನಾಚಿಕೆಯೂ ಆಗಿರಲಿಲ್ಲ. ಧಾರವಾಡದಲ್ಲಿ ಓದಿ, ಇಲ್ಲಿಯ ಆಸ್ಪತ್ರೆಗಳಲ್ಲಿ ದುಡಿದು ಜಿಪಿ, ಅಂದರೆ ಕುಟುಂಬ ವೈದ್ಯೆ, ಆದವಳು ನಾನು. ಊರಿನ ಸರ್ಕಾರ ಏನು ಮಾಡಿದರೂ ಅದಕ್ಕೆ ನಾನು ಉತ್ತರ ಕೊಡಬೇಕಾಗುತ್ತದೆ ಎಂಬುದು ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಚಳಿಗಾಲದ ಹೊತ್ತಿಗೆ ಇಲ್ಲಿಯ ಸಂಸದರೊಬ್ಬರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದು ಕಾನೂನಾದರೆ ಬ್ರಿಟನ್ನಿನಿಂದ ಭಾರತ ಸರ್ಕಾರಕ್ಕೆ ಹೋಗುವ ನೆರವು ನಿಲ್ಲುತ್ತಿತ್ತು. ಸರ್ಕಾರಿ ಸಂಸ್ಥೆಗಳಲ್ಲಿ ಕೆಲಸ ಮಾಡುವ ಭಾರತೀಯ ವಿಜ್ಞಾನಿಗಳು ಈ ದೇಶಕ್ಕೆ ಕಾಲಿಡುವಂತಿರಲಿಲ್ಲ. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಮೂಲೆಯಷ್ಟು ಜಾಗ. ನಮ್ಮ ಕನ್ನಡ ಕೂಟದಲ್ಲಿ ಮಾತ್ರ ಬೇರೆ ಮಾತೇ ಇಲ್ಲ ಎಂಬಂತಾಯಿತು. ಆ ವರ್ಷ ನಾನು ಕೂಟದ ಕಾರ್ಯದರ್ಶಿ. ರೇನರ್ಸ್ ಲೇನಿನ ಒಂದು ಶಾಲೆಯ ಹಾಲ್ ಹಿಡಿದು ಭಾನುವಾರ ಸಭೆ ಕರೆದೆ.

ಸಭೆಯನ್ನು ನಡೆಸಿದವರು ಪಿನ್ನರ್ ಡಾಕ್ಟರು. ಮೈಸೂರಿನವರು, ನಿವೃತ್ತ ಸರ್ಜನ್, ಮನೆ ಲಂಡನ್ನಿನ ಪಿನ್ನರ್ ಬಡಾವಣೆಯಲ್ಲಿ. ಊರಿನಿಂದ ಹೊಸದಾಗಿ ಬಂದ ಡಾಕ್ಟರುಗಳಿಗೆಲ್ಲ ಮೊದಲ ಊಟ ಅವರ ಮನೆಯಲ್ಲಿ. ನನಗೂ ಹಾಗೇ ಆಗಿತ್ತು. ಅವರ ಮಾತನ್ನು ನಾವ್ಯಾರೂ ತೆಗೆದುಹಾಕುತ್ತಿರಲಿಲ್ಲ. ಮಸೂದೆಯನ್ನು ನಾವೆಲ್ಲ ಒಂದಾಗಿ ವಿರೋಧಿಸಬೇಕು, ನಮ್ಮ ದೇಶ ಏನು ಮಾಡಬೇಕೆಂದು ಹೇಳಲು ಇವರು ಯಾರು ಎಂದರು ಅವರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳು ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿ ನಕ್ಕರು.

ಆಗ ಎದ್ದು ನಿಂತವರು ಟೀಚರ್. ಉಡುಪಿಯ ಕಡೆಯವರು, ಸ್ಥಳೀಯ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಂತು ಮಗಳನ್ನು ಬೆಳೆಸಿದವರು. ಮಸೂದೆಗೆ ತನ್ನ ವಿರೋಧವೂ ಇದೆ, ಆದರೆ ಬಾಂಬು ಮಾಡಿದ್ದು ತಪ್ಪು, ಅದನ್ನೂ ನಾವು ಹೇಳಬೇಕು ಎಂದು ಶಾಂತವಾಗಿ ಹೇಳಿ ಕೂತರು. ಹಾಲಿನಲ್ಲಿ ಗದ್ದಲವಾಯಿತು. ಊಟಕ್ಕೆ ಬಿಸಿಬೇಳೆಬಾತ್ ಬಡಿಸುವಾಗ ಅವರ ಪಕ್ಕದ ಎರಡೂ ಕುರ್ಚಿಗಳು ಖಾಲಿ ಇದ್ದವು. ನಾನು ಹೋಗಿ ಒಂದರಲ್ಲಿ ಕೂತೆ. ತಮ್ಮನ ವಿಷಯವನ್ನು ಅವರು ನನಗೆ ಹೇಳಿದ್ದು ಆಗಲೇ. ಬೆಂಗಳೂರಿನ ಸರ್ಕಾರಿ ಸಂಸ್ಥೆಯೊಂದರಲ್ಲಿ ಮುಂಗಾರಿನ ಅಧ್ಯಯನ ಮಾಡುತ್ತಿದ್ದ ತಮ್ಮ ಅವರಿಗಿದ್ದ. ಮಗಳ ಮದುವೆಗೆ ಸೋದರಮಾವನಾಗಿ ಅವನು ಬರಬೇಕಿತ್ತು. ಅಣುಪರೀಕ್ಷೆಯ ನಂತರ ಅವನ ವೀಸಾ ಅರ್ಜಿ ಪರಿಶೀಲನೆಯಲ್ಲಿದೆ ಎಂಬುದರಿಂದ ಮುಂದೆ ಹೋಗಿರಲಿಲ್ಲ. ಈ ಕಾನೂನು ಬಂದರೆ ಅದು ಶಾಶ್ವತವಾಗಿ ಮುಚ್ಚಿದ ಹಾಗೆಯೇ.

ಪಿನ್ನರ್ ಡಾಕ್ಟರು ಮತ್ತು ಟೀಚರ್ ಇಬ್ಬರದೂ ಒಂದೇ ಕ್ಷೇತ್ರ. ಅಲ್ಲಿಯ ಸಂಸದರು ಮಸೂದೆಯ ಪರ ಒಲವು ತೋರಿಸಿದ್ದರಿಂದ ಅವರನ್ನು ಕಂಡು ಬರುವುದೆಂದು ತೀರ್ಮಾನವಾಯಿತು. ಯಾರು ಹೋಗಬೇಕೆಂಬ ಪ್ರಶ್ನೆ ಬಂದಾಗ ನಾನು ಟೀಚರ್ ಹೆಸರು ಹೇಳಿದೆ. ಡಾಕ್ಟರಿಗೆ ಅದು ಹಿಡಿಸಲಿಲ್ಲ.

"ಒಂದೇ ಮಾತು ಆಡ್ಬೇಕಮ್ಮ. ಮೂರು ಜನ ಮೂರು ಥರ ಹೇಳಿದ್ರೆ ಅವರು ನಗ್ತಾರೆ," ಎಂದರು ಫೋನಿನಲ್ಲಿ.

"ಬರ್ಲಿ ಬಿಡ್ರಿ ಸರ್. ವೀಸಾ ನಿಂತದ್ದು ಅವರ ತಮ್ಮಂದು, ನಮ್ದಲ್ಲ," ಎಂದೆ.

ಕೊನೆಗೆ ಅವರು ಆಯಿತು ಎಂದರು. ಟೀಚರಿಗೂ ತಿಳಿಸಿದೆ. "ಬರ್ತೇನೆ. ಆದ್ರೆ ಅವರು ಕೇಳಿದ್ರೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ, ಅದನ್ನು ಈಗ್ಲೇ ಹೇಳಿಬಿಡ್ತೇನೆ," ಎಂದರು.

ಇಲ್ಲಿ ಸಂಸದರು ತಮ್ಮ ಕ್ಷೇತ್ರದ ಜನರನ್ನು ಭೇಟಿಯಾಗುವುದಕ್ಕೂ ಸರ್ಜರಿ ಎನ್ನುತ್ತಾರೆ. ಬದುಕಿಡೀ ಚಾಕು ಹಿಡಿದಿದ್ದ ಪಿನ್ನರ್ ಡಾಕ್ಟರಿಗೆ ಆ ಪದಪ್ರಯೋಗ ಎಂದೂ ಒಗ್ಗಲಿಲ್ಲ. ಶನಿವಾರ ಬೆಳಿಗ್ಗೆ ಲೈಬ್ರರಿಯ ಒಂದು ಕೋಣೆಯ ಹೊರಗೆ ನಾವು ಮೂವರೂ ಕಾದು ಕೂತೆವು. ನಮಗಿಂತ ಮುಂದೆ ಇದ್ದವರೆಲ್ಲ ಕೌನ್ಸಿಲ್ ಕೊಟ್ಟ ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದಿದೆ, ಪಕ್ಕದ ಮನೆಯವರ ಗಲಾಟೆ ತಾಳಲಾಗುವುದಿಲ್ಲ ಎಂದು ಬಂದವರು. ಡಾಕ್ಟರು ಸೂಟು ಹಾಕಿದ್ದರು. ಟೀಚರ್ ಸೀರೆಯ ಮೇಲೆ ಉದ್ದನೆಯ ಕೋಟು ತೊಟ್ಟಿದ್ದರು. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ನಡುವೆ ಕೂತ ನಾನು ಮಕ್ಕಳ ಪುಸ್ತಕದ ಕಪಾಟು ನೋಡುತ್ತಿದ್ದೆ.

ಒಳಗೆ ಡಾಕ್ಟರು ಚೆನ್ನಾಗಿಯೇ ಮಾತಾಡಿದರು. ನೆರವು ನಿಂತರೆ ಪೆಟ್ಟು ಬೀಳುವುದು ಸರ್ಕಾರಕ್ಕಲ್ಲ, ಬಡವರಿಗೆ ಎಂದರು. ಸಂಸದರು ಸೌಜನ್ಯದಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ಬಾಂಬಿಗೆ ಸುರಿದ ದುಡ್ಡು ಬಡವರದಲ್ಲವೇ? ಡಾಕ್ಟರು ಮತ್ತೆ ನೆರವಿನ ಮಾತನ್ನೇ ಎತ್ತಿದರು. ಅಷ್ಟರಲ್ಲಿ ಸಂಸದರು ಗಡಿಯಾರ ನೋಡಿಕೊಂಡರು. ಭೇಟಿ ಅಲ್ಲಿಗೆ ಮುಗಿಯಿತೆಂದು ನನಗನ್ನಿಸಿತು.

ಟೀಚರ್ ತರಗತಿಯಲ್ಲಿ ಮಾತಾಡುವ ಹಾಗೆ ನಿಧಾನವಾದ ಇಂಗ್ಲಿಷಿನಲ್ಲಿ ಶುರು ಮಾಡಿದರು. ಹೌದು, ಅದು ಬಡವರದೇ ದುಡ್ಡು, ಬಾಂಬು ತಪ್ಪು, ಇದನ್ನು ನಮ್ಮ ಜನರ ಮುಂದೆಯೂ ಹೇಳಿ ಬೈಸಿಕೊಂಡಿದ್ದೇನೆ ಎಂದರು. "ಆದರೆ ಅದನ್ನು ಅಲ್ಲಿ ಹೇಳುವವರು ಅಲ್ಲೇ ಇದ್ದಾರೆ. ನೀವು ಕಾನೂನು ಮಾಡಿದ ದಿನ ಅವರ ಬಾಯಿ ಮುಚ್ಚುತ್ತದೆ. ಬಾಂಬು ಬೇಡ ಎಂದವರನ್ನೆಲ್ಲ ಬ್ರಿಟಿಷರ ಕಡೆಯವರು ಅಂತ ಕರೆಯುತ್ತಾರೆ. ನಮ್ಮ ಸರ್ಕಾರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ನೀವು ಮಾಡಲಾರಿರಿ." ಆಮೇಲೆ ತಮ್ಮನ ಬಗ್ಗೆ ಹೇಳಿದರು. ಅವನು ಮಳೆಯನ್ನು ಅಭ್ಯಾಸ ಮಾಡುವವನು, ಮದುವೆಗೆ ಬರುವುದಿತ್ತು, ಅಷ್ಟೇ ಎಂದರು.

ಸಂಸದರು ಮತ್ತೆ ಗಡಿಯಾರ ನೋಡಲಿಲ್ಲ. ನಾವು ಬಹಳ ಹೊತ್ತು ಕೂತಿದ್ದೆವು. ಯಾವ ಭರವಸೆಯನ್ನೂ ಅವರು ಕೊಡಲಿಲ್ಲ. ಯೋಚಿಸುತ್ತೇನೆ ಎಂದಷ್ಟೇ ಹೇಳಿದರು.

ಮಸೂದೆ ಚರ್ಚೆಗೆ ಬರಬೇಕಿದ್ದ ಶುಕ್ರವಾರ ನಾನು ರಜೆ ಹಾಕಿದೆ. ಮೂವರೂ ಟ್ಯೂಬ್ ರೈಲಿನಲ್ಲಿ ಹೋಗಿ ಸಂಸತ್ತಿನ ಗ್ಯಾಲರಿಯಲ್ಲಿ ಕೂತೆವು. ಕೆಳಗೆ ಸದಸ್ಯರು ಅಲ್ಲೊಬ್ಬರು ಇಲ್ಲೊಬ್ಬರು. ನಮ್ಮದಕ್ಕಿಂತ ಮೊದಲು ಕಾಲುದಾರಿಗಳ ಬಗ್ಗೆ ಇನ್ನೊಂದು ಮಸೂದೆ ಇತ್ತು. ಹಳ್ಳಿಗಾಡಿನ ಬೇಲಿಗಳು, ಗೇಟುಗಳು, ಹೊಲ ದಾಟುವಾಗ ನಾಯಿಗೆ ಹಗ್ಗ ಹಾಕಬೇಕೇ ಬೇಡವೇ ಎಂದು ಒಬ್ಬರಾದ ಮೇಲೊಬ್ಬರು ಮಾತಾಡುತ್ತಲೇ ಹೋದರು. ಡಾಕ್ಟರು ತೂಕಡಿಸಿದರು. ಮಧ್ಯಾಹ್ನ ಕಲಾಪದ ಸಮಯ ಮುಗಿದುಹೋಯಿತು. ಉಳಿದ ಮಸೂದೆಗಳ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ನಮ್ಮದರ ಹೆಸರು ಬಂದಾಗ ಕೆಳಗಿನಿಂದ ಯಾರೋ ಆಕ್ಷೇಪವಿದೆ ಎಂದರು. ಅಷ್ಟೇ. ಹೊತ್ತು ಮೀರಿದ ಮೇಲೆ ಒಬ್ಬರು ಆಕ್ಷೇಪವೆಂದರೂ ಸಾಕು, ಖಾಸಗಿ ಮಸೂದೆ ಮುಂದೆ ಹೋಗುವಂತಿಲ್ಲ; ಅದು ಬಿದ್ದುಹೋಯಿತು. ಹಾಗೆಂದವರು ನಾವು ಕಂಡು ಬಂದ ಸಂಸದರೋ, ಬೇರೆ ಯಾರೋ ಎಂಬುದು ನಾವು ಕೂತ ಜಾಗದಿಂದ ಕಾಣಲಿಲ್ಲ. ಆಮೇಲೂ ತಿಳಿಯಲಿಲ್ಲ.

ಹೊರಗೆ ಥೇಮ್ಸ್ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಗೆದ್ದ ಖುಷಿ ಯಾರ ಮುಖದಲ್ಲೂ ಇರಲಿಲ್ಲ. ಒಂದು ಕೆಫೆಯಲ್ಲಿ ಚಹಾ ತೆಗೆದುಕೊಂಡೆವು. ಡಾಕ್ಟರು ಟೀಚರ್ ಕಡೆ ತಿರುಗಿದರು.

"ಬಾಂಬಿನ ವಿಷಯದಲ್ಲಿ ನೀವು ಹೇಳಿದ್ದನ್ನ ನಾನು ಈಗ್ಲೂ ಒಪ್ಪಲ್ಲ. ಆದ್ರೆ ಆವತ್ತು ನೀವಿಲ್ದೇ ಇದ್ದಿದ್ರೆ ನಮ್ಮನ್ನ ಐದು ನಿಮಿಷದಲ್ಲಿ ಕಳಿಸ್ಬಿಡ್ತಿದ್ರು."

"ಒಪ್ಪುದು ಬೇಡ ಡಾಕ್ಟ್ರೇ," ಎಂದರು ಟೀಚರ್. ಸಕ್ಕರೆಯ ಬಟ್ಟಲನ್ನು ಅವರತ್ತ ಸರಿಸಿದರು.

ಯುಗಾದಿಯ ಕಾರ್ಯಕ್ರಮದಲ್ಲಿ, ಮಸೂದೆಯನ್ನು ನಮ್ಮ ಕೂಟ ಸೋಲಿಸಿತೆಂದು ವೇದಿಕೆಯಿಂದ ಘೋಷಣೆಯಾಯಿತು. ಡಾಕ್ಟರಿಗೆ ಶಾಲು ಹೊದಿಸಿದರು. ಅವರು ಮೈಕಿನಲ್ಲಿ ಟೀಚರನ್ನು ಮೇಲೆ ಕರೆದರು. ಟೀಚರ್ ಕೂತಲ್ಲಿಂದಲೇ ಕೈಮುಗಿದು ಬೇಡವೆಂದರು. ಸಭೆಯ ದಿನ ಅವರಿಂದ ದೂರ ಕೂತಿದ್ದವರಲ್ಲಿ ಕೆಲವರು ಆವತ್ತು ಬಂದು ಮಾತಾಡಿಸಿದರು, ಕೆಲವರು ಎಂದೂ ಮಾತಾಡಿಸಲಿಲ್ಲ.

ಮಗಳ ಮದುವೆ ತಮ್ಮನಿಲ್ಲದೆಯೇ ನಡೆಯಿತು. ಸೋದರಮಾವನ ಶಾಸ್ತ್ರಗಳನ್ನೆಲ್ಲ ಪಿನ್ನರ್ ಡಾಕ್ಟರೇ ಮಾಡಿದರು, ಯಾರೂ ಕೇಳುವ ಮೊದಲೇ.

ತಮ್ಮನಿಗೆ ವೀಸಾ ಸಿಕ್ಕಿದ್ದು ಮುಂದಿನ ದಶಕ ಶುರುವಾದ ಮೇಲೆ. ಅವನು ಬಂದಾಗ ಡಾಕ್ಟರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಕನ್ನಡಕ ಹಾಕಿದ, ಮಿತಭಾಷಿ ಮನುಷ್ಯ. ಹೋಳಿಗೆ ಬಡಿಸುವಾಗ ಯಾರೋ ಅಣುಪರೀಕ್ಷೆಯ ವಿಷಯ ಎತ್ತಿದರು. ಅವನು ತಲೆಯೆತ್ತಿ, ಅದು ಆಗಬೇಕಾದ್ದೇ ಇತ್ತು, ತಡವಾಯಿತು ಅಂತಲೇ ತನ್ನ ಅಭಿಪ್ರಾಯ ಎಂದ. ಡಾಕ್ಟರ ಮುಖ ಅರಳಿತು. ಟೀಚರ್ ಊಟ ನಿಲ್ಲಿಸಿದರು.

"ನಿನ್ನ ಸಲುವಾಗಿ ನಾನು ಸಂಸದರ ಹತ್ರ ಹೋಗಿ, ಬಾಂಬು ತಪ್ಪು ಅಂತ ಹೇಳಿ ಬಂದದ್ದು ಗೊತ್ತುಂಟಾ ನಿನಗೆ?" ಎಂದರು.

"ಹೋದದ್ದು ನನ್ನ ವೀಸಾಕ್ಕಲ್ಲವಾ ಅಕ್ಕ? ಬಾಂಬಿನ ಮಾತು ನಿನ್ನದೇ, ನನ್ನದಲ್ಲವಲ್ಲ," ಎಂದ ಅವನು.

ಅಕ್ಕತಮ್ಮಂದಿರು ತುಳುವಿನಲ್ಲಿ ಜಗಳಕ್ಕೆ ಇಳಿದರು. ನಮಗ್ಯಾರಿಗೂ ತುಳು ಬರುತ್ತಿರಲಿಲ್ಲ. ಡಾಕ್ಟರು ಎದ್ದು ತಮ್ಮನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಅಕ್ಕನ ಎಲೆಗೂ ಒಂದು ಹಾಕಿದರು.